ಬೇವಿನ ಕಡ್ಡಿಯ ಮೀಟಿಂಗು

ಮೊನ್ನೆ ಬೆಳಿಗ್ಗೆ ಕರೆಂಟಿನವರು ಬಂದು ನಮ್ಮ ಮಾಳಮಡ್ಡಿಯ ಓಣಿಯಲ್ಲಿ ತಂತಿಗೆ ತಾಗುತ್ತಿದ್ದ ಟೊಂಗೆಗಳನ್ನೆಲ್ಲ ಕಡಿದು ಹಾಕಿ ಹೋದರು. ಎದುರುಮನೆಯ ಬೇವಿನ ಗಿಡದ್ದೇ ಹೆಚ್ಚು ಬಿದ್ದಿತ್ತು. ನಾನು ಶಾಲೆಗೆ ಹೊರಟು ಗೇಟು ತೆಗೆದೆ ನೋಡಿ, ಹಸಿ ಬೇವಿನ ಆ ಕಹಿ ವಾಸನೆ ಮೂಗಿಗೆ ಬಂದು ಬಡಿಯಿತು. ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತೆ. ಬೇವು ಅಂದರೆ ಉಳಿದವರಿಗೆ ಯುಗಾದಿ ನೆನಪಾಗಬಹುದು. ನನಗೆ ಮೀಟಿಂಗು ನೆನಪಾಗುತ್ತದೆ.

ನನ್ನಂಥವಳಿಗೆ ಮೀಟಿಂಗಿನ ನೆನಪು ಹಿತವಾಗಿರುವುದೇ ಒಂದು ಸೋಜಿಗ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಮ್ಮಲ್ಲಿ ಮೀಟಿಂಗು ಅಂದರೆ ಮೊದಲು ಹೆಡ್‌ಮಾಸ್ತರರು ಮಾತಾಡುತ್ತಾರೆ, ಆಮೇಲೂ ಅವರೇ ಮಾತಾಡುತ್ತಾರೆ. ಕೊನೆಗೆ ‘ಯಾರಿಗರೆ ಏನರೆ ಹೇಳೂದೈತೇನ್ರಿ’ ಅಂತ ಕೇಳುವ ಹೊತ್ತಿಗೆ ಎಲ್ಲರ ಕಣ್ಣು ಚಹಾದ ಕೆಟಲಿನ ಮೇಲೆ ಇರುತ್ತದೆ. ನನಗಂತೂ ತಲೆ ಚಿಟ್ಟು ಹಿಡಿದುಹೋಗುತ್ತದೆ. ಆದರೂ ಒಂದೇ ಒಂದು ಮೀಟಿಂಗಿಗೆ ನಾನು ಬದುಕಿರುವ ತನಕ ಋಣಿ. ಅದು ನಡೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ನಡೆಸಿದವರು ಆ ಎದುರುಮನೆಯಲ್ಲಿದ್ದ ಚಾಚಾ.

ಚಾಚಾ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ರಿಟೈರಾದ ಮೇಲೆ ಧಾರವಾಡದ ಹವಾ ಬೇಕು ಅಂತ ಎದುರುಮನೆ ಕೊಂಡು ಬಂದರು. ಎತ್ತರದ ಆಳು, ಬಿಳಿ ಪಾಯಜಾಮ, ಕಿಸೆಯಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಣುಕು. ಆ ಸುಣ್ಣ ಯಾಕೆ ಅಂತ ಅಪ್ಪಿತಪ್ಪಿ ಕೇಳಿದರೆ ಮುಗಿಯಿತು, ಕೈಯಲ್ಲಿನ ಚಹಾ ಆರಿ ತಣ್ಣಗಾಗುವವರೆಗೂ ಕಾರ್ಖಾನೆಯ ಕಥೆ. ಅಲ್ಲಿ ಅವರ ಕೈಕೆಳಗಿನವರು ವಾರಕ್ಕೊಮ್ಮೆ ದುಂಡಗೆ ಕೂತು, ಒಂದೇ ಒಂದು ತೊಂದರೆಯನ್ನು ನಡುವೆ ಇಟ್ಟುಕೊಂಡು, ಎಲ್ಲರೂ ಸೇರಿ ವಿಚಾರ ಮಾಡುತ್ತಿದ್ದರಂತೆ. ಸಣ್ಣವರು ಮೊದಲು ಮಾತಾಡಬೇಕು, ದೊಡ್ಡವರು ಕೊನೆಗೆ. ಎಲ್ಲರದೂ ಮುಗಿಯುವ ತನಕ ಇದು ಸರಿ, ಅದು ತಪ್ಪು ಅಂತ ಯಾರೂ ಅನ್ನುವ ಹಾಗಿಲ್ಲ.

‘ಸಾಹೇಬ್ರು ಮೊದಲ ಬಾಯಿ ಬಿಟ್ರ ಉಳದವ್ರ ಬಾಯಿ ಮುಚ್ಚತಾವ ಬೇಟಿ’ ಅನ್ನುತ್ತಿದ್ದರು.

ಇಷ್ಟೆಲ್ಲ ಹೇಳುವ ಚಾಚಾ ತಾವು ಮಾತಿಗೆ ಕೂತರೆ ಎದುರಿನವರಿಗೆ ಹೂಂ ಅನ್ನಲಿಕ್ಕೂ ಸಂದು ಕೊಡುತ್ತಿರಲಿಲ್ಲ. ಅವರ ಹೆಂಡತಿ, ನಮ್ಮ ಚಾಚಿ, ‘ಇವರ ಮೀಟಿಂಗ ಗೇಟಿನ ಹೊರಗ ಇರ್ಲಿ, ಮನ್ಯಾಗ ನಾ ಹೇಳಿದ್ದ ನಡೀತೈತಿ’ ಅಂತ ನಗುತ್ತಿದ್ದರು. ಹೀಗಾಗಿ ಅವರ ಆ ವಿದ್ಯೆಗೆಲ್ಲ ಕಿವಿಯಾದವರು ನಮ್ಮ ಅಪ್ಪ ಒಬ್ಬರೇ. ಸಂಜೆಯಾದರೆ ಇಬ್ಬರೂ ಆ ಬೇವಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಪ್ಪ ಧಾರವಾಡದ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರಿ. ಚಾಚಾ ಅವರಿಗೆ ‘ಸಾವಕಾರ್ರ’ ಅನ್ನುವುದು, ಅಪ್ಪ ‘ಏನಪಾ ಮೇಸ್ತ್ರಿ’ ಅನ್ನುವುದು… ಆ ಎರಡು ದನಿ ಈಗಲೂ ನನ್ನ ಕಿವಿಯಲ್ಲಿವೆ.

ನಾನು ನೌಕರಿಗೆ ಸೇರಿದ ಹೊಸತು. ಅಪ್ಪನಿಗೆ ಹೊಸ ಚಪ್ಪಲಿ ಕಚ್ಚಿ ಬಲಗಾಲಿಗೆ ಒಂದು ಗಾಯವಾಯಿತು. ಸಕ್ಕರೆ ಕಾಯಿಲೆಯವರು, ಯಾರಿಗೂ ಹೇಳದೆ ಅರಿಷಿಣ ಮೆತ್ತಿಕೊಂಡು ಅಂಗಡಿಗೆ ಹೋಗುತ್ತಲೇ ಇದ್ದರು. ನಮಗೆ ಗೊತ್ತಾಗುವ ಹೊತ್ತಿಗೆ ಬೆರಳುಗಳು ಕಪ್ಪಾಗಿದ್ದವು. ಸತ್ತೂರಿನ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವ್ವನನ್ನೂ ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದು, ಮೊಣಕಾಲಿನ ಕೆಳಗೆ ತೆಗೆಯಬೇಕು, ತಡಮಾಡಿದರೆ ವಿಷ ಮೇಲೇರುತ್ತದೆ, ಆಮೇಲೆ ಮನುಷ್ಯನೇ ಉಳಿಯುವುದಿಲ್ಲ ಅಂತ ನೇರವಾಗಿ ಹೇಳಿದರು. ಅಪ್ಪನಿಗೆ ನಾವು ಹೇಳಿದ್ದು ‘ಸಣ್ಣ ಆಪರೇಶನ್’ ಅಂತ. ಸಂಬಂಧಿಕರನ್ನು ಒಂದು ಮಾತು ಕೇಳಿ ಬರುತ್ತೇವೆ ಎಂದು ಹೇಳಿ ಮನೆಗೆ ಕರೆತಂದೆವು.

ಸಂಬಂಧಿಕರು ಅಂದರೆ ಕಾಕಾ, ಅಪ್ಪನ ತಮ್ಮ. ಸುಳ್ಳ ಎಂಬ ನಮ್ಮ ಹಳ್ಳಿಯಲ್ಲಿ ಮನೆತನದ ಹೊಲ ಮಾಡಿಕೊಂಡಿದ್ದವರು. ಅಪ್ಪನೇ ಅವರನ್ನು ಮಗನ ಹಾಗೆ ಬೆಳೆಸಿದ್ದರು. ಅವರನ್ನು ಬಿಟ್ಟು ಅಪ್ಪನ ಮೈಮೇಲಿನ ಒಂದು ಕೂದಲು ತೆಗೆಸುವುದೂ ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಅಣ್ಣ ಹಳ್ಳಿಗೆ ಹೋಗಿ ಎಲ್ಲ ಹೇಳಿ, ‘ಆಪರೇಶನ್ ಮಾಡಸೂಣೇನ್ರಿ ಕಾಕಾ’ ಅಂತ ಕೇಳಿದ. ಕಾಕಾ ‘ನೋಡೂಣು’ ಅಂದರು.

ಈ ‘ನೋಡೂಣು’ ಎಂಬ ಮಾತಿನ ಬಗ್ಗೆ ನಾನು ಸ್ವಲ್ಪ ಸಿಟ್ಟಿನಿಂದಲೇ ಹೇಳಬೇಕು. ನಮ್ಮ ಕಡೆ ಹೆಣ್ಣು ಕೊಡುತ್ತೀರಾ ಅಂದರೆ ನೋಡೂಣು, ಊಟಕ್ಕೆ ಬರುತ್ತೀರಾ ಅಂದರೆ ನೋಡೂಣು, ಮನೆ ಮಾರುತ್ತೀರಾ ಅಂದರೆ ನೋಡೂಣು. ಹೌದು ಅನ್ನುವವರೂ ಅದನ್ನೇ ಅನ್ನುತ್ತಾರೆ, ಅಲ್ಲ ಅನ್ನುವವರೂ ಅದನ್ನೇ ಅನ್ನುತ್ತಾರೆ. ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಅನ್ನಬಾರದು ಎಂಬ ಮರ್ಯಾದೆ ಅದು. ಕೇಳಿದವನು ತನಗೆ ಬೇಕಾದ ಅರ್ಥ ಕಟ್ಟಿಕೊಂಡು ಮನೆಗೆ ಹೋಗುತ್ತಾನೆ. ನಮ್ಮ ಅಣ್ಣನೂ ಹಾಗೇ ಬಂದ. ಕಾಕಾ ಒಪ್ಪಿದರು ಅಂತ ದವಾಖಾನೆಯಲ್ಲಿ ಹಾಸಿಗೆ ಹೇಳಿಟ್ಟ. ಅತ್ತ ಕಾಕಾ, ತಾವು ಬೇಡವೆಂದದ್ದು ಹುಡುಗನಿಗೆ ತಿಳಿಯಿತು ಅಂದುಕೊಂಡು, ಯಾರೋ ಹೇಳಿದ ನಾಟಿ ವೈದ್ಯನ ಕಡೆ ಅಪ್ಪನನ್ನು ಒಯ್ಯಲು ಬಾಡಿಗೆ ಜೀಪು ಹೇಳಿದರು.

ಸೋಮವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಆಟೋ ಒಂದು, ಜೀಪು ಒಂದು. ಅಪ್ಪನನ್ನು ಆಟೋದಲ್ಲಿ ಕೂಡಿಸಿದ್ದೆವು. ಕಾಕಾ ಬಂದವರೇ ‘ಎಲ್ಲಿಗೆ ಒಯ್ಯಾಕತ್ತೀಯೋ’ ಅಂತ ಅಣ್ಣನ ಕೈ ಹಿಡಿದರು. ‘ನೀವ ಹೂಂ ಅಂದ್ರೆಲ್ಲ’ ಅಂತ ಅಣ್ಣ. ‘ನಾ ಯಾವಾಗ ಅಂದೆ’ ಅಂತ ಕಾಕಾ. ಓಣಿಯ ಮಂದಿ ಕಿಟಕಿಗೆ ಬಂದರು. ಅಪ್ಪ ಆಟೋದ ಸೀಟಿನಲ್ಲಿ ಕಾಲು ಚಾಚಿಕೊಂಡು, ಯಾರ ಮುಖವನ್ನೂ ನೋಡದೆ, ಎದುರಿನ ಬೇವಿನ ಗಿಡವನ್ನು ನೋಡುತ್ತಿದ್ದರು. ಕೊನೆಗೆ ಅವರನ್ನು ಮತ್ತೆ ಇಳಿಸಿ ಒಳಗಿನ ಕೋಣೆಯಲ್ಲಿ ಮಲಗಿಸಿದೆವು. ನನಗೆ ಜೀವವೇ ಸಾಕಾಗಿತ್ತು. ನಾವು ಹೀಗೇ ಜಗಳಾಡುತ್ತ ಅಪ್ಪನನ್ನು ಕಳೆದುಕೊಳ್ಳುತ್ತೇವೆ ಅಂತ ಖಾತ್ರಿಯಾಗಿಹೋಗಿತ್ತು.

ಆಗ ಚಾಚಾ ಬಂದರು. ಯಾರೂ ಕರೆದಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ‘ಭಾಭಿ, ಒಳಗ ಬರ್ಲ್ಯಾ?’ ಅಂದರು. ಅವ್ವ ಕಣ್ಣು ಒರೆಸಿಕೊಂಡು ‘ಬರ್ರಿ ಅಣ್ಣಾರ’ ಅಂದಳು. ಚಾಚಾ ನಮ್ಮ ನಾಲ್ವರನ್ನೂ ಪಡಸಾಲೆಯಲ್ಲಿ ದುಂಡಗೆ ಕೂಡಿಸಿದರು. ಕಿಸೆಯಿಂದ ಸುಣ್ಣ ತೆಗೆದು ಕಪ್ಪು ಕಲ್ಲಿನ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಒಂದು ತುದಿಗೆ ಮೂರು ಮೂಲೆಯ ತಲೆ ಮಾಡಿ, ಎರಡೂ ಬದಿಗೆ ಓರೆಗೆರೆಗಳನ್ನು ಎಳೆಯತೊಡಗಿದರು.

‘ಏನ್ರಿ ಇದು?’ ಅಂತ ಕಾಕಾ ಕೇಳಿದರು.

‘ಮೀನಿನ ಎಲುಬ್ರಿ. ಕಾರ್ಖಾನ್ಯಾಗ ಹಿಂಗ ತೆಗೀತಿದ್ವಿ. ತೆಲಿ ಕಡೆ ತ್ರಾಸ ಬರೀಬೇಕು, ಒಂದೊಂದ ಎಲಬಿಗೆ ಒಂದೊಂದ ಕಾರಣ.’

ಅವ್ವನ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಅಷ್ಟು ಸಂಕಟದಲ್ಲೂ ಅವಳು ಮೆಲ್ಲಗೆ ‘ಅಣ್ಣಾರ, ಇವತ್ತ ಸ್ವಾಮವಾರ. ಈಗಷ್ಟ ಪೂಜಿ ಮುಗಿಸಿ ಎದ್ದೇನಿ. ಮನ್ಯಾಗ ಮೀನ ಬ್ಯಾಡ್ರಿ’ ಅಂದಳು.

ಚಾಚಾ ನಾಲಿಗೆ ಕಚ್ಚಿಕೊಂಡರು. ಕರ್ಚೀಪು ಒದ್ದೆ ಮಾಡಿಕೊಂಡು ತಾವೇ ಬಗ್ಗಿ ಒರೆಸಿದರು. ಸುಣ್ಣ ಹರಡಿಕೊಂಡು ಮೀನು ಮೊದಲಿಗಿಂತ ದಪ್ಪಗಾಯಿತು. ನನಗೆ ತಡೆಯಲಾಗದೆ ನಗು ಬಂತು, ಅಣ್ಣನಿಗೂ ಬಂತು, ಮುಖ ಗಂಟಿಕ್ಕಿ ಕೂತಿದ್ದ ಕಾಕಾ ಮೀಸೆಯೊಳಗೇ ನಕ್ಕರು. ಆ ವಾರದಲ್ಲಿ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಚಾಚಾ ಎದ್ದು ಓಣಿ ದಾಟಿ ಹೋಗಿ ಒಂದು ಬೇವಿನ ಎಸಳು ಕಿತ್ತುಕೊಂಡು ಬಂದರು. ಅದನ್ನು ಸ್ಟೀಲಿನ ತಾಟಿನಲ್ಲಿ ಇಟ್ಟು ನಡುವೆ ಸರಿಸಿದರು.

‘ಇದಕ್ಕೂ ನಡು ಎಲುಬು ಐತಿ, ಎರಡೂ ಕಡೆ ಎಲಿ ಅದಾವ. ಇದು ನಡೀತೈತಲ್ರಿ ಭಾಭಿ? ಹಂಗಾರ ಕೇಳ್ರಿ. ಒಬ್ಬೊಬ್ಬರು ಒಂದ ಎಲಿ ಕಿತ್ತು ಒಂದ ಮಾತು ಹೇಳ್ರಿ. ಆಗ ಉಳದವ್ರು ಸುಮ್ನ ಕೇಳ್ರಿ. ಒಮ್ಮೆ ಬಂದ ಮಾತು ಮತ್ತೊಮ್ಮೆ ಬ್ಯಾಡ. ಕಡ್ಡಿ ಬೋಳ ಆಗೂತನಕ ತೀರ್ಮಾನ ಇಲ್ಲ. ಮತ್ತ ಇಲ್ಲಿ ಯಾರೂ ನೋಡೂಣು ಅನ್ನೂಹಂಗಿಲ್ಲ.’

‘ಅದನ್ನೂ ಕಸಗೊಂಡ್ರ ನಾ ಏನ ಮಾತಾಡ್ಲಿ?’ ಅಂದರು ಕಾಕಾ.

ಸಣ್ಣವಳು ನಾನು, ನನ್ನಿಂದಲೇ ಸುರುವಾಯಿತು. ಎಲೆ ಕಿತ್ತುಕೊಂಡು, ಅಪ್ಪನ ಕೋಣೆಗೆ ಹೋಗಲು ನನಗೆ ಅಂಜಿಕೆಯಾಗುತ್ತದೆ, ಆ ವಾಸನೆ ತಡೆಯಲಾಗುವುದಿಲ್ಲ ಅಂತ ಹೇಳಿಬಿಟ್ಟೆ. ಹೇಳಿದ ಮೇಲೆ ಎದೆಯಿಂದ ಕಲ್ಲು ಇಳಿಸಿದ ಹಾಗಾಯಿತು. ಅಣ್ಣ ಡಾಕ್ಟರು ಹೇಳಿದ್ದನ್ನು ಹೇಳಿದ. ಅವ್ವ ಎಲೆಯನ್ನು ಬಹಳ ಹೊತ್ತು ತಿರುವಿ, ತನ್ನ ಅಣ್ಣ ಆಪರೇಶನ್ನಿನ ಮೇಜಿನಿಂದ ಎದ್ದು ಬಂದಿರಲಿಲ್ಲ ಅಂದಳು. ನಮಗೆ ಆ ಮಾಮಾ ಜ್ವರ ಬಂದು ತೀರಿಕೊಂಡರು ಅಂತಲೇ ಗೊತ್ತಿತ್ತು. ಕಾಕಾ ನಾಟಿ ವೈದ್ಯನ ಹೆಸರು ಹೇಳಿ, ಅವನು ಗುಣ ಮಾಡಿದ ಒಬ್ಬನ ಕಥೆ ಹೇಳಿದರು. ಅಣ್ಣ ಬಾಯಿ ಹಾಕಲು ಹೋದ. ಚಾಚಾ ಬರೀ ಕೈ ಎತ್ತಿದರು.

ಎಸಳು ಎರಡು ಸುತ್ತು ತಿರುಗಿತು. ಮೂರನೆಯ ಸಲ ಕಾಕಾನ ಪಾಳಿ ಬಂದಾಗ ಅವರ ಹತ್ತಿರ ಹೊಸ ಮಾತು ಉಳಿದಿರಲಿಲ್ಲ. ವೈದ್ಯನ ಮಾತು ಆಗಿಹೋಗಿತ್ತು, ದೇವರ ಮೇಲೆ ಭಾರ ಹಾಕುವುದೂ ಆಗಿಹೋಗಿತ್ತು. ಎಲೆಯನ್ನು ಬೆರಳಲ್ಲಿ ಹೊಸಕುತ್ತ ಕೂತರು. ಪಡಸಾಲೆಯ ತುಂಬ ಕಹಿ ವಾಸನೆ… ಆಮೇಲೆ ನೆಲ ನೋಡುತ್ತ ಅಂದರು, ‘ನಮ್ಮಣ್ಣ ಕೋಲ ಊರಕೊಂಡು ಒಂದ ಕಾಲಮ್ಯಾಲ ಸುಳ್ಳದಾಗ ಇಳದ್ರ ನಾ ಹ್ಯಾಂಗ ನೋಡ್ಲಿ?’

ಬೆಳಿಗ್ಗೆಯಿಂದ ನಾವು ಜಗಳಾಡಿದ್ದು ವೈದ್ಯನ ಸಲುವಾಗಿ. ಅಡ್ಡ ನಿಂತಿದ್ದು ವೈದ್ಯನಲ್ಲ, ಈ ಸಂಕಟ. ಅಣ್ಣ ಎದ್ದು ಕಾಕಾನ ಪಕ್ಕಕ್ಕೆ ಹೋಗಿ ಕೂತ. ಚಾಚಾ ಹೊಸಕಿದ ಆ ಎಲೆಯನ್ನು ತೆಗೆದುಕೊಂಡು ಉಳಿದ ಎಲೆಗಳ ಜೊತೆ ತಾಟಿನ ಅಂಚಿಗೆ ಜೋಡಿಸಿದರು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಅಷ್ಟು ಮಾತುಗಾರ ಮನುಷ್ಯ ಆ ಹೊತ್ತೆಲ್ಲ ತಮ್ಮದೊಂದು ಮಾತು ಆಡಲಿಲ್ಲ, ಒಂದು ಎಲೆ ಕೀಳಲಿಲ್ಲ. ಅದು ಅವರಿಗೆ ಎಷ್ಟು ಕಷ್ಟವಾಗಿತ್ತು ಅಂತ ಈಗ ನೆನೆದರೆ ನಗು ಬರುತ್ತದೆ.

ಕಡ್ಡಿಯ ತುದಿಯಲ್ಲಿ ಒಂದು ಎಲೆ ಉಳಿಯಿತು. ನಾನು ಕೈ ಚಾಚಿದೆ. ಚಾಚಾ ತಾಟನ್ನು ಹಿಂದಕ್ಕೆ ಎಳೆದುಕೊಂಡರು.

‘ಇದು ನಿಂದಲ್ಲ ಬೇಟಿ.’ ಎಲ್ಲರ ಮುಖ ನೋಡಿದರು. ‘ಕಾಲು ಯಾರದ್ರಿ?’

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಅಪ್ಪನಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಅಂತ ಹೆದರಿದ್ದೆವು. ಅವರಿಗೆ ಯಾಕೆ ತ್ರಾಸ, ಅವರಿಗೆ ಯಾಕೆ ತ್ರಾಸ ಅನ್ನುತ್ತ, ಅವರ ಕಾಲಿನ ಬಗ್ಗೆ ಅವರನ್ನು ಬಿಟ್ಟು ಊರನ್ನೆಲ್ಲ ಕೇಳಿದ್ದೆವು. ಚಾಚಾ ಎದ್ದು ತಾಟು ಎತ್ತಿಕೊಂಡು ಒಳಕೋಣೆಗೆ ನಡೆದರು. ನಾವು ಅವರ ಹಿಂದೆ ಹೋದೆವು.

ಅಪ್ಪ ಎಚ್ಚರವಾಗಿಯೇ ಇದ್ದರು. ಪಡಸಾಲೆಗೂ ಆ ಕೋಣೆಗೂ ನಡುವೆ ಒಂದು ಪರದೆ ಮಾತ್ರ, ಎಲ್ಲ ಕೇಳಿಸಿತ್ತು. ತಾಟಿನ ಕಡೆ ನೋಡಿ ಅಂದರು, ‘ಏನಪಾ ಮೇಸ್ತ್ರಿ, ನನಗೂ ಒಂದ ಉಳಿಸಿದ್ಯಾ?’ ಕೈ ಮುಂದೆ ಮಾಡಿ ಆ ಎಲೆ ಕಿತ್ತುಕೊಂಡರು.

‘ನನ್ನ ಕಾಲಿನ ವಾಸನಿ ನಿಮಗಿಂತ ಮೊದಲ ನನಗ ಬಂದೈತಿ. ನಾ ಹೇಳಿದ್ರ ನೀವು ಅಂಜತೀರಿ ಅಂತ ನಾ ಸುಮ್ನ ಇದ್ದೆ, ನೀವು ಹೇಳಿದ್ರ ನಾ ಅಂಜತೇನಿ ಅಂತ ನೀವು ಸುಮ್ನ ಇದ್ರಿ. ಕಾಲ ಹೋಗೂದಕ್ಕ ನನಗ ಅಂಜಿಕಿ ಇಲ್ಲ. ನನ್ನ ಕೇಳದ ತಗದಾರಂತ ಅಂಜಿಕಿ ಇತ್ತು. ಈಗ ಕೇಳಿದ್ರೆಲ್ಲ, ಆತು. ತಗಸ್ರಿ. ಆದ್ರ ಒಂದು, ಮುಂದ ನಾ ಎದ್ದು ನಿಂತಾಗ ಯಾರೂ ನನ್ನ ಹಿಡೀಬಾರ್ದು.’

ಕಾಕಾ ಮಂಚದ ಹತ್ತಿರ ಕುಸಿದು ಕೂತು, ಅಪ್ಪನ ಆ ಕಾಲಿನ ಮೇಲೇ ಹಣೆ ಇಟ್ಟು ಅತ್ತರು. ವಾಸನೆಯಿಂದ ದೂರ ಓಡುತ್ತಿದ್ದ ನಾನೂ ಅಲ್ಲೇ ನಿಂತಿದ್ದೆ. ನನಗೂ ಅಳು ಬಂತು, ಆದರೆ ಎಂಥ ಹಗುರಾದ ಅಳು ಅದು. ಅಪ್ಪನ ಜೀವದ ತೀರ್ಪು ಕೊಡುವ ಭಾರ ಒಬ್ಬೊಬ್ಬರ ತಲೆಯ ಮೇಲೂ ಕೂತಿತ್ತು. ಅದನ್ನು ಅಪ್ಪ ಒಂದು ಎಲೆ ಕಿತ್ತಷ್ಟು ಸುಲಭವಾಗಿ ತಮ್ಮ ಕೈಗೆ ತೆಗೆದುಕೊಂಡಿದ್ದರು.

ಚಾಚಾ ಮಾತ್ರ ನಮ್ಮನ್ನು ಅಳಲು ಪೂರ್ತಿ ಬಿಡಲಿಲ್ಲ. ಮೀಟಿಂಗು ಇನ್ನೂ ಮುಗಿದಿಲ್ಲ ಅಂದರು. ಯಾರು ಏನು ಮಾಡುತ್ತೀರಿ, ಯಾವಾಗ ಮಾಡುತ್ತೀರಿ, ಬಾಯಿ ಬಿಟ್ಟು ಹೇಳಿ ಏಳಬೇಕು. ಅಣ್ಣ ದವಾಖಾನೆಗೆ ಫೋನು ಮಾಡುವುದು, ನಾನು ರಜೆ ಹಾಕಿ ಅಪ್ಪನ ಹತ್ತಿರ ಇರುವುದು, ಆಪರೇಶನ್ ಮುಗಿಯುವ ತನಕ ಚಾಚಿ ಅವ್ವನ ಜೊತೆ ಕೂಡುವುದು ಅಂತಾಯಿತು. ಕೊನೆಗೆ ಕಾಕಾ ಮೂಗು ಒರೆಸಿಕೊಂಡು ಅಂದರು, ‘ಜೀಪ ಹೆಂಗೂ ಬಾಗಲಾಗ ನಿಂತೈತಿ. ವೈದ್ಯನ ಕಡೆ ಹೋಗೂದು ಸತ್ತೂರಿಗೆ ಹೋಗ್ಲಿ.’

ಹೀಗೆ ನಾಟಿ ವೈದ್ಯನಿಗೆಂದು ಬಂದ ಜೀಪಿನಲ್ಲೇ ಅಪ್ಪ ಸತ್ತೂರಿಗೆ ಹೋದರು. ಆಪರೇಶನ್ ಸುಸೂತ್ರವಾಗಿ ಆಯಿತು. ಡಾಕ್ಟರು ಹೊರಗೆ ಬಂದು ಹೇಳಿದಾಗ ಅವ್ವ ಚಾಚಿಯ ಹೆಗಲ ಮೇಲೆ ತಲೆ ಇಟ್ಟು ನಿದ್ದೆಯೇ ಮಾಡಿಬಿಟ್ಟಳು. ಎಷ್ಟು ದಿನದ ನಿದ್ದೆ ಬಾಕಿ ಇತ್ತೋ… ಗಾಯ ಮಾಯಲು ತಿಂಗಳುಗಳು ಹಿಡಿದವು. ಅದಾದ ಮೇಲೆ ಅಳತೆ ಕೊಟ್ಟು ಕೃತಕ ಕಾಲು ಮಾಡಿಸಿದೆವು. ಅಪ್ಪ ಮೊದಲ ಸಲ ಗೇಟು ದಾಟಿ ನಡೆದದ್ದು ಎದುರಿನ ಬೇವಿನ ಕಟ್ಟೆಗೆ. ಟಕ್, ಟಕ್ ಅಂತ ಸದ್ದು. ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು, ಆದರೆ ಮಾತು ಕೊಟ್ಟಾಗಿತ್ತು, ಯಾರೂ ಹಿಡಿಯಲಿಲ್ಲ. ಚಾಚಾ ಕಟ್ಟೆಯ ಹತ್ತಿರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಎಲ್ಲಿ ತಪ್ಪಿ ಕೈ ಮುಂದೆ ಹೋಗುತ್ತದೋ ಅಂತ. ಆಮೇಲೆ ಅಪ್ಪ ಸುಳ್ಳಕ್ಕೂ ಹೋಗಿ ಬಂದರು. ಕಾಕಾ ಬಸ್ಸಿನ ಹತ್ತಿರ ಬಂದು ನಿಂತು, ನೋಡಿದರು. ನೋಡಲಿಕ್ಕೆ ಆಯಿತು.

ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಚಾಚಾ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಅವರ ಕೊನೆಯ ಮಾತು ಯಾರಿಗೂ ಸಿಗಲಿಲ್ಲ. ಅಷ್ಟು ಮಾತಾಡುವ ಮನುಷ್ಯ… ಸಂಜೆ ಜನಾಜಾ ಎತ್ತುವಾಗ ಮಂದಿ ಒಬ್ಬರಾದ ಮೇಲೆ ಒಬ್ಬರು ಹೆಗಲು ಕೊಡುತ್ತಿದ್ದರು. ಅಪ್ಪ ಗೇಟಿನಿಂದ ಇಳಿದು ಮುಂದೆ ಹೋದರು. ಅಣ್ಣ ಅಂಜಿ ‘ಅಪ್ಪಾ, ನಿಮಗ ಆಗೂದಿಲ್ಲ’ ಅಂದ. ಅಪ್ಪ ಅವನನ್ನು ಒಮ್ಮೆ ನೋಡಿದರಷ್ಟೇ. ಹೆಗಲು ಕೊಟ್ಟು, ಬೇವಿನ ಗಿಡದಿಂದ ಓಣಿಯ ತಿರುವಿನ ತನಕ ನಡೆದರು. ಚಾಚಾ ಕೇಳಿ ಉಳಿಸಿಕೊಟ್ಟ ಜೀವ, ಚಾಚಾನನ್ನು ಹೊತ್ತುಕೊಂಡು ನಡೆಯಿತು. ಹೆಂಗಸರ ಜೊತೆ ಬಾಗಿಲಲ್ಲಿ ನಿಂತಿದ್ದ ನನಗೆ ಅಷ್ಟು ಮಂದಿಯ ಹೆಜ್ಜೆಯ ನಡುವೆ ಆ ಟಕ್ ಟಕ್ ಸದ್ದು ಬೇರೆಯಾಗಿಯೇ ಕೇಳುತ್ತಿತ್ತು.

ಚಾಚಿ ಮಗಳ ಊರಿಗೆ ಹೋದರು. ಮನೆ ಈಗ ಬೇರೆಯವರದು, ಒಳ್ಳೆಯ ಮಂದಿ, ಗಿಡವನ್ನು ಉಳಿಸಿಕೊಂಡಿದ್ದಾರೆ. ಕಟ್ಟೆ ಮಾತ್ರ ಇಲ್ಲ, ಅಲ್ಲಿ ಅವರ ಕಾರು ನಿಲ್ಲುತ್ತದೆ.

ಮೊನ್ನೆ ಕಡಿದು ಬಿದ್ದ ಟೊಂಗೆಯಿಂದ ನಾನು ಒಂದು ಎಸಳು ಮುರಿದುಕೊಂಡು ಒಳಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು, ಕಾಲು ತೆಗೆದು ಪಕ್ಕಕ್ಕಿಟ್ಟುಕೊಂಡು, ಪೇಪರು ಓದುತ್ತಿದ್ದರು. ಈಗ ಅವರಿಗೆ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ, ಆದರೆ ಮೂಗು ಚುರುಕು. ಪೇಪರಿನಿಂದ ತಲೆ ಎತ್ತಿದರು.

‘ಏನವಾ, ಇವತ್ತ ಏನ ಮೀಟಿಂಗ ಐತಿ?’

‘ಏನಿಲ್ಲಪಾ, ಸುಮ್ನ ತಂದೆ’ ಅಂದೆ.

ಎಸಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊದಲು ನನಗೆ ಒಂದು ಎಲೆ ಕಿತ್ತುಕೊಟ್ಟರು. ನಾನು ಅದನ್ನು ಮೂಸಿದೆ. ಆಮೇಲೆ ತಾವೇ ಒಂದೊಂದಾಗಿ ಕೀಳುತ್ತ ಹೋದರು. ತುದಿಯಲ್ಲಿ ಒಂದು ಎಲೆ ಉಳಿದಾಗ ಅವರ ಬೆರಳು ನಿಂತಿತು. ಬಹಳ ಹೊತ್ತು ಅದನ್ನೇ ನೋಡಿ, ಕೀಳದೆ, ಕಡ್ಡಿಯನ್ನು ಹಾಗೇ ಕಿಟಕಿಯ ಮೇಲೆ ಇಟ್ಟರು.

‘ಇದು ಮೇಸ್ತ್ರೀದು. ಅವತ್ತ ನಿಂದೇನಂತ ಅವನ್ನ ಯಾರೂ ಕೇಳ್ಲಿಲ್ಲ.’